ದಾನಿಗಳಿಗೆ ಕಳಿಸಿದ ಫೋಟೋ

ಎಪ್ಪಿಂಗ್, ಸಿಡ್ನಿ
4 ಮೇ 2025

ಆಗ್ನೆಸ್ ಬಾಯಿಯವರಿಗೆ ಶರ್ಮಿಳಾಳ ನಮಸ್ಕಾರ.

ನಿಮ್ಮ ಕಿವಿಯ ಮಷೀನಿಗೂ ಫೋನಿಗೂ ಜಗಳ ಬಿದ್ದ ಮೇಲೆ ನನ್ನ ಅಕ್ಷರ ಸುಧಾರಿಸಿದೆ ನೋಡಿ. "ಈ ಕಾಲದಲ್ಲಿ ಸ್ಟ್ಯಾಂಪ್ ಅಂಟಿಸಿ ಕಾಗದ ಬರಿಯೋಳು ಇಡೀ ಎಪ್ಪಿಂಗಿಗೆ ನೀನೊಬ್ಬಳೇ ಕಣೆ" ಅಂತ ಮೂರ್ತಿ ನಗುತ್ತಾರೆ. ನಗಲಿ ಬಿಡಿ. ರಿಟೈರ್ ಆದ ಗಂಡನಿಗೆ ನಗುವುದಕ್ಕೂ ಒಂದು ವಿಷಯ ಬೇಕಲ್ಲ.

ನೀವು ವೆಸ್ಟ್‌ಮೀಡ್ ಬಿಟ್ಟು ಮಗನ ಜೊತೆ ಮೆಲ್ಬರ್ನಿಗೆ ಹೊರಟಾಗ, ನಾವಿಬ್ಬರೂ ಕಟ್ಟಿದ 'ಆಸರೆ' ಇನ್ನು ಮುಚ್ಚಿಹೋಯಿತು ಅಂದವರೆಲ್ಲ ಈಗ ಬಂದು ನೋಡಬೇಕು. ನನ್ನ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಅಕ್ಕಿ, ಬೇಳೆ, ಎಣ್ಣೆ, ಮಕ್ಕಳ ನ್ಯಾಪಿ ತುಂಬಿಕೊಂಡಿವೆ. ಬರುವವರೂ ಬದಲಾಗಿದ್ದಾರೆ. ಮೊದಲು ಸ್ಟೂಡೆಂಟುಗಳು ಬಂದು "ಆಂಟಿ, ಉಪ್ಪಿನಕಾಯಿ ಇಲ್ವಾ?" ಅಂತ ಹಕ್ಕಿನಿಂದ ಕೇಳುತ್ತಿದ್ದರು. ಈಗ ಕೆಲಸ ಹೋದ ಐಟಿಯವರು, ರೆಂಟ್ ಏರಿಸಿದ್ದಕ್ಕೆ ಮನೆ ಬಿಟ್ಟವರು ಬರುತ್ತಾರೆ. ಬಂದವರು ಕಾರಿನಲ್ಲೇ ಕೂತಿರುತ್ತಾರೆ, ಇಳಿಯುವುದಿಲ್ಲ. ಅದಕ್ಕೇ ನಾವೇ ಅವರ ಬಾಗಿಲಿಗೆ ಹೋಗಿ ಚೀಲ ಇಟ್ಟು, ಬೆಲ್ ಒತ್ತಿ, ಮುಖ ನೋಡದೆ ವಾಪಸ್ ಬರುತ್ತೇವೆ. ಇದು ನನ್ನದೇ ಐಡಿಯಾ, ಹೊಗಳಬಹುದು.

ಒಬ್ಬಳ ವಿಷಯ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ನಿವೇದಿತಾ ಅಂತ, ಹಾಸನದ ಕಡೆಯ ಹುಡುಗಿ, ನಾಲ್ಕು ವರ್ಷದ ಮಗಳು ಮಾನ್ವಿ. ವೆಸ್ಟ್‌ಮೀಡ್ ಸ್ಟೇಷನ್ನಿನ ಹತ್ತಿರ ಜಯಲಕ್ಷ್ಮಿ ಅನ್ನುವವರ ಮನೆಯ ಹಿಂದಿನ ಕೋಣೆಯಲ್ಲಿದ್ದಾಳೆ. ದಿನಸಿ ಅಂಗಡಿಯ ಬೋರ್ಡಿನಲ್ಲಿ ನಮ್ಮ ನಂಬರ್ ನೋಡಿ ಫೋನ್ ಮಾಡಿದ್ದಳು. ಗಂಡನ ಮಾತೆತ್ತಿದರೆ ಬಾಯಿ ಹೊಲಿದುಕೊಳ್ಳುತ್ತಾಳೆ, ಹೆಸರನ್ನೂ ಹೇಳುವುದಿಲ್ಲ. ತನ್ನ ಹೆಸರಿನಲ್ಲಿ ಒಂದು ಬ್ಯಾಂಕ್ ಕಾರ್ಡೂ ಇಲ್ಲವಂತೆ. ಮಗು ಕೆಮ್ಮುತ್ತಿತ್ತು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂದರೆ "ಬೇಡ ಆಂಟಿ, ಅಲ್ಲಿ ಅಡ್ರೆಸ್ ಕೇಳ್ತಾರೆ" ಅಂದಳು. ಇಷ್ಟು ಹೆದರಿಕೆ ಯಾಕೋ! ಧೈರ್ಯ ಬರಲಿ ಅಂತ ನಿಮ್ಮ ಕಥೆ ಹೇಳಿದೆ. "ನಮ್ಮ ಆಗ್ನೆಸ್ ಬಾಯಿ ಇಲ್ಲೇ ನರ್ಸ್ ಆಗಿದ್ರು, ಈಗ ಮೆಲ್ಬರ್ನಿನ ಚರ್ಚಿನಲ್ಲಿ ಬಂದೋರಿಗೆಲ್ಲ ದಿನಸಿ ಕೊಡ್ತಾರೆ" ಅಂದೆ. ಕಿವಿಗೊಟ್ಟು ಕೇಳಿದಳು.

ಅವಳ ಬಾಗಿಲಲ್ಲಿ ಚೀಲ ಇಟ್ಟ ಫೋಟೋ ಎಂದಿನಂತೆ ದಾನಿಗಳ ಗ್ರೂಪಿಗೆ ಹಾಕಿದೆ. ಬೈಯಬೇಡಿ. ಫೋಟೋ ಇಲ್ಲದಿದ್ದರೆ ನಮ್ಮ ಜನ ಅಕ್ಕಿ ಎಲ್ಲಿ ಹೋಯಿತು ಅಂತ ಕೇಳುತ್ತಾರೆ, ನಿಮಗೇ ಗೊತ್ತು. ಮುಖ ತೋರಿಸಿಲ್ಲ, ಹೆಸರು ಹಾಕಿಲ್ಲ. ಹಸಿರು ಬಾಗಿಲು, ಚೀಲ, ಪಕ್ಕದಲ್ಲಿ ಮಗುವಿನ ಪುಟ್ಟ ಕೆಂಪು ಗಂಬೂಟು, ಅದರ ಮೇಲೆ ಆನೆಯ ಸ್ಟಿಕ್ಕರ್. 'ವೆಸ್ಟ್‌ಮೀಡಿನ ಒಂದು ಪುಟ್ಟ ಸಂಸಾರಕ್ಕೆ ನಿಮ್ಮ ಪ್ರೀತಿ ತಲುಪಿತು' ಅಂತ ಬರೆದೆ. ಎಲ್ಲರಿಗಿಂತ ಮೊದಲು ಕೈಮುಗಿಯುವ ಚಿತ್ರ ಹಾಕಿದವನು ಗೌತಮ್. ಇವನನ್ನು ನೀವು ನೋಡಿಲ್ಲ. ನಾರ್ವೆಸ್ಟಿನಲ್ಲಿ ಒಳ್ಳೆಯ ಕೆಲಸ, ತಪ್ಪದೆ ಅಕ್ಕಿ ಕೊಡುತ್ತಾನೆ, ನಮ್ಮ ವೆಬ್‌ಸೈಟು, ಈಮೇಲು, ಗ್ರೂಪು ಎಲ್ಲ ಅವನೇ ಮಾಡಿಕೊಟ್ಟದ್ದು. ಹೆಂಡತಿ ಮಗುವನ್ನು ಕರೆದುಕೊಂಡು ಊರಿಗೆ ಹೋಗಿದ್ದಾಳಂತೆ. ಪಾಪ, ಭಾನುವಾರ ನಮ್ಮಲ್ಲಿಗೇ ಊಟಕ್ಕೆ ಬರುತ್ತಾನೆ.

ಆಲ್ರಾಯ್‌ಗೂ ಸೊಸೆ ಸೋನಲ್‌ಗೂ ಕೇಳಿದೆ ಅಂತ ಹೇಳಿ.

ನಿಮ್ಮ,
ಶರ್ಮಿಳಾ

*

ಮೆಲ್ಬರ್ನ್
12 ಮೇ 2025

ಪ್ರೀತಿಯ ಶರ್ಮಿಳಾ,

ನಿನ್ನ ಕಾಗದ ಬಂದು ತಲುಪುವಷ್ಟರಲ್ಲಿ ನನ್ನ ಮೊಣಕಾಲು ಇನ್ನಷ್ಟು ಹಳೆಯದಾಯಿತು. ಅಂಚೆಯವರಿಗೆ ಈಗ ಅವಸರವೇ ಇಲ್ಲ ಮಾರಾಯ್ತಿ.

ಮೊದಲು ಬೈಗುಳ. ಆ ಫೋಟೋ ತೆಗೆ. ಈ ಕಾಗದ ಓದಿ ಮುಗಿಸುವುದಕ್ಕೂ ಕಾಯಬೇಡ, ಈಗಲೇ ಎದ್ದು ಹೋಗಿ ತೆಗೆ. ಮುಖ ಇಲ್ಲದಿದ್ದರೆ ಏನಾಯಿತು, ಮನೆಯ ಬಾಗಿಲನ್ನೂ ಜನ ಗುರುತು ಹಿಡಿಯುತ್ತಾರೆ. ದಿನಸಿ ಹಂಚುವ ನಮ್ಮ ಚರ್ಚಿನ ಪ್ಯಾಂಟ್ರಿಯಲ್ಲಿ ಫೋಟೋ ಇಲ್ಲ, ಅಡ್ಡಹೆಸರು ಕೇಳುವುದಿಲ್ಲ. ಶನಿವಾರ ಬೆಳಿಗ್ಗೆ ಹಾಲ್ ತೆರೆಯುತ್ತೇವೆ, ಬಂದವರು ಅಂಗಡಿಯಲ್ಲಿ ಆರಿಸಿದ ಹಾಗೆ ತಮಗೆ ಬೇಕಾದದ್ದನ್ನು ಆರಿಸಿಕೊಂಡು ಹೋಗುತ್ತಾರೆ. ಮೊನ್ನೆ ಒಬ್ಬ ಟ್ಯಾಕ್ಸಿ ಓಡಿಸುವವ ಬಂದು ಬರೀ ಸಾಸಿವೆ ತೆಗೆದುಕೊಂಡು ಹೋದ. ಒಗ್ಗರಣೆ ಇಲ್ಲದೆ ಊಟ ಇಳಿಯುವುದಿಲ್ಲವಂತೆ! ನಾವೆಲ್ಲ ನಕ್ಕೆವು, ಅವನೂ ನಕ್ಕ.

ಈಗ ಆ ಹುಡುಗಿಯ ವಿಷಯ. ಬ್ಯಾಂಕ್ ಕಾರ್ಡ್ ಇಲ್ಲ, ಗಂಡನ ಹೆಸರು ಹೇಳುವುದಿಲ್ಲ, ಡಾಕ್ಟರರ ಹತ್ತಿರ ಅಡ್ರೆಸ್ ಕೊಡಲು ಹೆದರುತ್ತಾಳೆ. ನಿನಗೆ ಇದರಲ್ಲಿ ಎಂತದೂ ಕಾಣಲಿಲ್ಲವಾ? ನಾನು ಆಸ್ಪತ್ರೆಯಲ್ಲಿ ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ. "ಮೆಟ್ಟಿಲಲ್ಲಿ ಬಿದ್ದೆ" ಅನ್ನುತ್ತಿದ್ದರು, ಅವರ ಮನೆಗೆ ಮೆಟ್ಟಿಲೇ ಇರಲಿಲ್ಲ. ಅವಳು ಬಡತನಕ್ಕೆ ಹೆದರಿದ್ದಲ್ಲ, ಅವಳನ್ನು ಯಾರೋ ಹುಡುಕುತ್ತಿದ್ದಾರೆ. ಗಂಡನ ವೀಸಾದಲ್ಲಿ ಬಂದವರಿಗೆ, ಬಿಟ್ಟು ಹೋದರೆ ನಿನ್ನನ್ನು ದೇಶದಿಂದ ಓಡಿಸುತ್ತಾರೆ, ಮಗು ನನಗೇ ಉಳಿಯುತ್ತದೆ ಅಂತ ಹೆದರಿಸಿರುತ್ತಾರೆ. ಹಾಗೇನೂ ಇಲ್ಲ, ಇಂಥವರಿಗೆ ಹಣ ಕೇಳದ ವಕೀಲರು ಇದ್ದಾರೆ ಅಂತ ಅವಳಿಗೆ ಹೇಳು. ಹೆಂಗಸರಿಗೆ ಇರುವ ಸಹಾಯದ ನಂಬರ್ ಕೊಡು, ನಿನ್ನ ಫೋನಿನಿಂದಲೇ ಮಾಡಿಸು. ಯಾರಿಗೂ, ಮೂರ್ತಿಯವರಿಗೂ, ಅವಳಿರುವ ಜಾಗ ಹೇಳಬೇಡ.

ನಿನ್ನ ಚೀಲದ ಐಡಿಯಾ ಒಳ್ಳೆಯದುಂಟು. ಹೊಗಳಿದೆ, ಸಾಕಾ?

ಆಗ್ನೆಸ್

*

ಎಪ್ಪಿಂಗ್
13 ಮೇ 2025

ಆಗ್ನೆಸ್ ಬಾಯಿ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಕಾಯಲಾರದೆ ಬರೆಯುತ್ತಿದ್ದೇನೆ. ಅಕ್ಷರ ನೋಡಬೇಡಿ.

ನಿವೇದಿತಾ ಮನೆಯಲ್ಲಿಲ್ಲ. ಮಗುವೂ ಇಲ್ಲ. ಭಾನುವಾರ ಹಾಲು ಹಣ್ಣು ಕೊಟ್ಟು ಬರೋಣ ಅಂತ ಹೋದೆ, ಹಸಿರು ಬಾಗಿಲು ಹಾರುಹೊಡೆದಿತ್ತು. ಜಯಲಕ್ಷ್ಮಿ ಆಂಟಿ ನನ್ನನ್ನು ನೋಡಿದ ಕೂಡಲೇ ಅಳಲು ಶುರು ಮಾಡಿದರು. "ನೆನ್ನೆ ಯಾರೋ ಬಂದಿದ್ರಮ್ಮ, ನೋಡಕ್ಕೆ ಲಕ್ಷಣವಾಗಿದ್ದ, ಕೈಲಿ ಸ್ವೀಟ್ ಬಾಕ್ಸ್ ಇತ್ತು. 'ನಿವೇದಿತಾ ಇದಾಳಾ ಆಂಟಿ?' ಅಂದ. ಇರಪ್ಪಾ ಕರೀತೀನಿ ಅಂತ ಒಳಗೆ ಹೋಗೋಷ್ಟರಲ್ಲಿ ಇವಳು ಮಗೂನ ಎತ್ಕೊಂಡು ಹಿಂದುಗಡೆ ಫೆನ್ಸ್ ಹತ್ತಿ ಹಾರಿದ್ಲಮ್ಮ, ಚಪ್ಪಲೀನೂ ಇಲ್ಲ!" ಮಗುವಿನ ಬೂಟು ಅಲ್ಲೇ ಬಿದ್ದಿತ್ತು. ಫೋನ್ ಸ್ವಿಚ್ ಆಫ್. ಸೋಮವಾರವೆಲ್ಲ ಮಾಡಿದೆ, ಇವತ್ತೂ ಮಾಡಿದೆ.

ಬಂದವನು ಯಾರು ಗೊತ್ತೇ? ನಮ್ಮ ಗೌತಮ್. ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದವನು ಸೋಫಾದ ಮೇಲೆ ಕುಸಿದು ಕೂತು, ಚಿಕ್ಕ ಮಗುವಿನಂತೆ ಅತ್ತ. "ಆಂಟಿ, ಅವಳು ನನ್ನ ಹೆಂಡ್ತಿ. ಮಾನ ಹೋಗತ್ತೆ ಅಂತ ಊರಿಗೆ ಹೋಗಿದಾಳೆ ಅಂತಿದ್ದೆ. ಅವಳ ಮನಸ್ಸು ಸರಿ ಇಲ್ಲ ಆಂಟಿ. ಮಾತ್ರೆ ಬಿಟ್ಟಿದಾಳೆ. ಮಗೂಗೆ ಏನಾದ್ರೂ ಮಾಡಿಬಿಟ್ರೆ?" ನಾನು ಕಂಡ ಹುಡುಗಿ ಮಗುವಿಗೆ ಏನಾದರೂ ಮಾಡುವವಳಲ್ಲ. ಆದರೆ ನಾನು ಕಂಡದ್ದು ಎಷ್ಟು? ಪೊಲೀಸರಿಗೆ ಹೇಳೋಣ ಬಾ ಅಂದರೆ, "ಪಿಆರ್ ವೀಸಾ ಫೈಲ್ ನಡೀತಿದೆ ಆಂಟಿ, ಈಗ ಪೊಲೀಸ್ ಗಿಲೀಸ್ ಅಂದ್ರೆ ಎಲ್ಲಾ ಕೆಟ್ಟೋಗತ್ತೆ" ಅಂದ. "ಗಂಡ ಹೆಂಡ್ತಿ ವಿಷಯ, ನಾವ್ಯಾಕೆ ಮಧ್ಯೆ ತಲೆ ಹಾಕ್ಬೇಕು" ಅನ್ನುವುದು ಮೂರ್ತಿಯವರ ಮಾತು.

ಈ ಚಳಿಯಲ್ಲಿ ಬರಿಗಾಲ ಮಗುವನ್ನು ಎತ್ತಿಕೊಂಡು ಅವಳು ಎಲ್ಲಿಗೆ ಹೋದಳು? ಇಲ್ಲಿ ಅವಳಿಗೆ ಗೊತ್ತಿರುವುದು ನಾನೊಬ್ಬಳು, ನನ್ನ ಹತ್ತಿರ ಬರಲಿಲ್ಲ. ನನ್ನ ಹತ್ತಿರ ಯಾಕೆ ಬರಲಿಲ್ಲ?

ನಿಮ್ಮ ಸುದ್ದಿ ಹೇಳಿದ್ದೆನಲ್ಲ. ನಿಮ್ಮ ಹತ್ತಿರ ಏನಾದರೂ ಬಂದಿದ್ದಾಳೆಯೇ? ಬಂದರೆ ಅದೇ ನಿಮಿಷ ಫೋನ್ ಮಾಡಿ, ಕಿವಿ ಕೇಳದಿದ್ದರೂ ಪರವಾಗಿಲ್ಲ, "ಇದ್ದಾಳೆ" ಅಂತ ಕೂಗಿ ಇಟ್ಟುಬಿಡಿ. ನನಗೆ ಅಷ್ಟೇ ಸಾಕು.

ಶರ್ಮಿಳಾ

*

ಮೆಲ್ಬರ್ನ್
26 ಮೇ 2025

ಶರ್ಮಿಳಾ,

ನಿನ್ನ ಕಾಗದ ಮುಟ್ಟಿತು. ಇಲ್ಲಿ ಚಳಿ ಜೋರು, ಮಳೆ ಬೇರೆ. ಪ್ಯಾಂಟ್ರಿಯಲ್ಲಿ ಕೆಲಸ ಹೆಚ್ಚಾಗಿದೆ, ಬರೆಯಲು ಪುರುಸೊತ್ತಿಲ್ಲ.

ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಇಲ್ಲಿಗೆ ಬಹಳ ಜನ ಬರುತ್ತಾರೆ, ನಾವು ಹೆಸರು ಕೇಳುವುದಿಲ್ಲ.

ಮಗು ಕಾಣೆಯಾದರೆ ಪೊಲೀಸರ ಹತ್ತಿರ ಹೋಗದ ಅಪ್ಪನನ್ನು ನಾನು ಈ ವಯಸ್ಸಿನವರೆಗೆ ನೋಡಿಲ್ಲ. ನೀನೇ ಹೋಗು. ಕಂಡದ್ದನ್ನು ಕಂಡ ಹಾಗೆ ಹೇಳು. ಫೋಟೋದ ವಿಷಯ ಬಿಡಬೇಡ. ನನಗೆ ಈಮೇಲ್ ಕಳಿಸಬೇಡ, ಗ್ರೂಪಿನಲ್ಲಿ ನನ್ನ ಹೆಸರು ಎತ್ತಬೇಡ. ಕಾಗದದಲ್ಲೂ ಇನ್ನು ಯಾರ ಹೆಸರನ್ನೂ ಬರೆಯಬೇಡ.

ಚಿಕ್ಕ ಮಕ್ಕಳ ಶೂ ಯಾರಾದರೂ ಕೊಡುವವರಿದ್ದರೆ ನಮ್ಮಲ್ಲಿ ಬೇಕಾಗಿದೆ. ಆದರೆ ನೀನು ಕಳಿಸಬೇಡ. ಇಲ್ಲೇ ನೋಡುತ್ತೇವೆ.

ಆಗ್ನೆಸ್

*

ಎಪ್ಪಿಂಗ್
9 ಜೂನ್ 2025

ಆಗ್ನೆಸ್ ಬಾಯಿ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಹತ್ತಾರು ವರ್ಷ ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿದವರು ನಾವು. ನಾನು ಇಲ್ಲಿ ಹೆದರಿಕೊಂಡು ಸಾಯುತ್ತಿದ್ದರೆ ನೀವು ಚಳಿ, ಮಳೆ, ಶೂ ಅಂತ ಬರೆಯುತ್ತೀರಿ! ಆ ಹುಡುಗಿ ಬದುಕಿದ್ದಾಳೋ ಇಲ್ಲವೋ ಅನ್ನುವುದು ನಿಮಗೆ ಅಷ್ಟು ಸಣ್ಣ ವಿಷಯವೇ ಅಂತ ಮೂರ್ತಿಯವರ ಮುಂದೆ ಕೂಗಾಡಿದೆ. ಯಾವುದೋ ಹಳ್ಳದಲ್ಲಿ, ರೈಲಿನ ಹಳಿಯ ಪಕ್ಕದಲ್ಲಿ ಅಂತ ಏನೇನೋ ಕಣ್ಣಿಗೆ ಕಟ್ಟುತ್ತದೆ. ಟಿವಿಯಲ್ಲಿ ನ್ಯೂಸ್ ಹಾಕಲು ಧೈರ್ಯವಿಲ್ಲ.

ನೀವು ಹೇಳಿದಂತೆ ಪೊಲೀಸ್ ಸ್ಟೇಷನ್ನಿಗೆ ಹೋದೆ. ಮೂರ್ತಿಯವರೂ ಬಂದರು, ಬಾಯಿ ಮುಚ್ಚಿಕೊಂಡು ಬಂದರು. ಅಲ್ಲಿದ್ದ ಹೆಣ್ಣುಮಗಳು ಎಲ್ಲ ಬರೆದುಕೊಂಡಳು. "ಅವರು ಕ್ಷೇಮವಾಗಿದ್ದಾರಾ, ಅಷ್ಟು ಹೇಳಿ" ಅಂದೆ. "ಆ ವಿಷಯದಲ್ಲಿ ನಿಮಗೆ ಏನೂ ಹೇಳಲಾಗದು" ಅಂದಳು. ಹೇಳಲಾಗದು ಅಂದರೆ ಏನು? ಕ್ಷೇಮ ಅಂತಲೋ, ಅಲ್ಲ ಅಂತಲೋ? ಮನೆಗೆ ಬಂದು ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ.

ನಾನು ಹಿಂದಿನ ಕಾಗದಗಳಲ್ಲಿ ಬರೆಯದೇ ಬಿಟ್ಟದ್ದು ಉಂಟು. ಪೊಲೀಸರಿಗೆ ಹೇಳಿದ ಮೇಲೆ ನಿಮ್ಮಿಂದ ಮುಚ್ಚಿಡುವುದೇನು? ಚೀಲ ಕೊಟ್ಟ ದಿನ ಅವಳು ಬಾಗಿಲ ಸಂದಿಯಿಂದ ಕೇಳಿದ್ದಳು, "ಆಂಟಿ, ಫೋಟೋ ಗೀಟೋ ತೆಗೆಯಲ್ಲ ತಾನೆ?" ಅಂತ. "ಛೆ ಛೆ, ನಿನ್ನ ಫೋಟೋ ಯಾಕೆ ತೆಗೀಲಿ" ಅಂದೆ. ಅವಳು ಬಾಗಿಲು ಹಾಕಿಕೊಂಡ ಮೇಲೆ ಬಾಗಿಲ ಫೋಟೋ ತೆಗೆದೆ. ಅವಳದ್ದಲ್ಲವಲ್ಲ ಅಂದುಕೊಂಡೆ. ಆ ಬೂಟು ಅವಳ ಗಂಡನೇ ಕೊಡಿಸಿದ್ದಂತೆ, ಅವನೇ ಹೇಳಿದ. "ಬಾಗಿಲ ಮೇಲೆ ನಂಬರೂ ಇತ್ತಲ್ಲ ಆಂಟಿ, ಸ್ಟ್ರೀಟ್ ಸ್ಟ್ರೀಟ್ ಸುತ್ತಿದೆ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು" ಅಂದ. ಅದಕ್ಕೇ ಅವಳು ನನ್ನ ಹತ್ತಿರ ಬರಲಿಲ್ಲ. ಯಾಕೆ ಬರುತ್ತಾಳೆ? ನಾನೇ ಜಾಗ ತೋರಿಸಿಕೊಟ್ಟೆ ಅಂದುಕೊಂಡಿದ್ದಾಳೆ, ಅದು ಸುಳ್ಳೂ ಅಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಅವನು ಅತ್ತ ದಿನ ಸಮಾಧಾನ ಮಾಡುವ ಭರದಲ್ಲಿ, "ಮೆಲ್ಬರ್ನಿನ ಒಂದು ಚರ್ಚಿನಲ್ಲಿ ನಮ್ಮ ಸ್ನೇಹಿತೆ ಒಬ್ಬರಿದ್ದಾರೆ, ಅವರ ವಿಷಯ ಅವಳಿಗೆ ಹೇಳಿದ್ದೆ, ಕೇಳಿ ನೋಡ್ತೀನಿ" ಅಂದುಬಿಟ್ಟೆ. ಯಾವ ಚರ್ಚ್ ಅಂತ ಕೇಳಿದ, ಮರೆತಿದೆ ಅಂದೆ. ಆಗ ನಿಜವಾಗಿಯೂ ನೆನಪಿರಲಿಲ್ಲ. ಹೋದ ಭಾನುವಾರ ಕಾಫಿ ಕುಡಿಯುತ್ತಾ ಮೇಜಿನ ಮೇಲಿದ್ದ ಸ್ಟ್ಯಾಂಪಿನ ಹಾಳೆಯನ್ನು ಬೆರಳಲ್ಲಿ ತಿರುಗಿಸಿದ. "ಆಂಟಿ ಕಾಗದ ಬರೀತೀರಾ? ಎಷ್ಟು ಸ್ವೀಟ್! ಯಾರಿಗೆ?" ಊರಿಗೆ ಅಂದೆ. ಅದು ಈ ದೇಶದೊಳಗಿನ ಸ್ಟ್ಯಾಂಪು, ಊರಿಗೆ ಹೋಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ನಕ್ಕ. ಹೊರಡುವಾಗ ಶೂ ಕಟ್ಟಿಕೊಳ್ಳುತ್ತಾ ತಲೆ ಎತ್ತದೆ ಹೇಳಿದ, "ನಿಮ್ಮ ಆಗ್ನೆಸ್ ಆಂಟಿ ಫೋಟೋ ನಮ್ಮ ವೆಬ್‌ಸೈಟಲ್ಲೇ ಇದೆ. ನಾನೇ ಹಾಕಿದ್ದಲ್ವಾ." ನಾನು ಅವನಿಗೆ ನಿಮ್ಮ ಹೆಸರು ಹೇಳಿಯೇ ಇರಲಿಲ್ಲ ಬಾಯಿ.

ಅವನು ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ ಅಲ್ಲೇ ನೆಲದ ಮೇಲೆ ಕೂತೆ. ಅಷ್ಟು ಹೊತ್ತು ಅನ್ನ ಬಡಿಸಿದ ಕೈ ನನ್ನದೇ. ಬಾಯಿ ತುಂಬ "ಆಂಟಿ, ಆಂಟಿ" ಅನ್ನುವ ಹುಡುಗ. ಅವಳು ಆ ಫೆನ್ಸ್ ಯಾಕೆ ಹಾರಿದಳು ಅಂತ ಆಗ ನನಗೆ ಗೊತ್ತಾಯಿತು.

ಆಮೇಲೆ ನಿಮ್ಮ ಕಾಗದವನ್ನು ಇನ್ನೊಮ್ಮೆ ತೆಗೆದು ಓದಿದೆ. ಶೂ ಬೇಕಾಗಿದೆ ಅಂದವರು ನೀವು ಕಳಿಸಬೇಡ ಅಂದದ್ದು ಯಾಕೆ? ಅರ್ಥವಾಯಿತು ಅನ್ನಿಸುತ್ತದೆ. ಆದರೆ ನನ್ನ ಮನಸ್ಸೇ ನನಗೆ ಬೇಕಾದದ್ದನ್ನು ಓದಿಕೊಳ್ಳುತ್ತಿರಬಹುದು. ದಯವಿಟ್ಟು ಒಂದು ಮಾತು ಬರೆಯಿರಿ. ಹೌದು ಅಥವಾ ಇಲ್ಲ. ಹೆಸರು ಬೇಡ, ಊರು ಬೇಡ. ನಿದ್ದೆ ಬಿಟ್ಟು ಹುಚ್ಚು ಹಿಡಿಯುವ ಹಾಗಿದೆ.

ಗ್ರೂಪಿನಲ್ಲಿ ಫೋಟೋ ಹಾಕುವುದು ನಿಲ್ಲಿಸಿದ್ದೇನೆ. 'ನಮ್ಮ ಅಕ್ಕಿ ಯಾರಿಗೆ ಹೋಗುತ್ತಿದೆ ತಿಳಿಯಬೇಕು' ಅಂತ ಕೆಲವರು ಮುನಿಸಿಕೊಂಡು ಕೊಡುವುದನ್ನೇ ಬಿಟ್ಟರು. ಬಿಡಲಿ.

ಶರ್ಮಿಳಾ

*

ಮೆಲ್ಬರ್ನ್
24 ಜೂನ್ 2025

ಶರ್ಮಿಳಾ,

ಇದನ್ನು ಸೋನಲ್ ಬೇರೆ ಸಬರ್ಬಿನಿಂದ ಅಂಚೆಗೆ ಹಾಕುತ್ತಾಳೆ. ಓದಿದ ಮೇಲೆ ಒಲೆಗೆ ಹಾಕು.

ಅವ ಬಂದಿದ್ದ. ಮೊನ್ನೆ ಶನಿವಾರ. ಹಾಲ್ ತುಂಬ ಜನ ಇದ್ದರು. ಎರಡು ಮೂಟೆ ಅಕ್ಕಿ ಟ್ರಾಲಿಯಲ್ಲಿ ತಳ್ಳಿಕೊಂಡು ಬಂದ, ನಗುತ್ತಾ. "ನಮಸ್ಕಾರ ಆಂಟಿ, ಸಿಡ್ನಿಯ ಆಸರೆಯಿಂದ ಬಂದಿದೀನಿ. ಶರ್ಮಿಳಾ ಆಂಟಿ ನಿಮ್ಮ ಬಗ್ಗೆ ತುಂಬಾ ಹೇಳ್ತಿರ್ತಾರೆ. ನಿಮಗೂ ಒಂದಿಷ್ಟು ಕೊಡೋಣ ಅಂತ." ಎಷ್ಟು ಮರ್ಯಾದೆ, ಎಷ್ಟು ವಿನಯ! ಅಕ್ಕಿ ಇಳಿಸಿದವ ಫೋನ್ ತೆಗೆದು, "ವಾಲಂಟಿಯರ್ಸ್ ಎಲ್ಲಾ ಒಟ್ಟಿಗೆ ನಿಲ್ಲಿ, ಒಂದು ಫೋಟೋ, ಡೋನರ್ಸ್‌ಗೆ ಕಳಿಸ್ಬೇಕು" ಅಂದ. "ನಮ್ಮಲ್ಲಿ ಫೋಟೋ ಇಲ್ಲ ಮಗಾ" ಅಂದೆ. "ಒಂದೇ ಒಂದು ಆಂಟಿ" ಅಂತ ಹಿಂದಿನ ಕೋಣೆಯ ಕಡೆ ನಡೆದ. ಅಮ್ಮಂದಿರು ಸಾಮಾನು ಆರಿಸುವಾಗ ಮಕ್ಕಳನ್ನು ಬಿಡುವುದು ಅಲ್ಲಿ.

ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ. ಒಳಗೆ ಯಾವುದೋ ಮಗು ಕೆಮ್ಮಿತು. ಅವ ಅಲ್ಲೇ ನಿಂತ, ತಲೆ ಓರೆ ಮಾಡಿ ಕೇಳಿಸಿಕೊಂಡ. ಶರ್ಮಿಳಾ, ನನ್ನ ಕಿವಿಗೇ ಕೇಳಿದ ಕೆಮ್ಮು ಅದು. ನನ್ನ ಪಕ್ಕದ ಶೆಲ್ಫಿನಲ್ಲಿ ಟೊಮೆಟೊ ಡಬ್ಬಗಳ ರಾಶಿ ಇತ್ತು, ಎರಡೂ ಕೈಯಿಂದ ಎಳೆದು ಬೀಳಿಸಿದೆ. ಎಲ್ಲ ಓಡಿ ಬಂದರು, "ಬಾಯಿ, ಪೆಟ್ಟಾಯಿತಾ?" ಅಂತ ಗಲಾಟೆ. ಅವ ಒಳ್ಳೆಯ ಹುಡುಗನ ಹಾಗೆ ಮೊಣಕಾಲೂರಿ ಡಬ್ಬ ಹೆಕ್ಕಿಕೊಟ್ಟ. ಅಷ್ಟರಲ್ಲಿ ಸೋನಲ್ ಹಿಂಬಾಗಿಲಿನಿಂದ ಮಕ್ಕಳನ್ನೆಲ್ಲ ಆಚೆ ಕರೆದುಕೊಂಡು ಹೋದಳು. ಅವ ಏಳುವಾಗ ಕೋಣೆ ಖಾಲಿ. ಕೊನೆಯ ಡಬ್ಬ ನನ್ನ ಕೈಗೆ ಕೊಡುತ್ತಾ, "ಮತ್ತೆ ಬರ್ತೀನಿ ಆಂಟಿ, ಶನಿವಾರ ಫ್ರೀ ಇರ್ತೀನಿ" ಅಂದ.

ಪೊಲೀಸರಿಗೆ ಹೇಳಿದ್ದೇವೆ. ಕೋರ್ಟಿನ ಕೆಲಸ ನಡೆಯುತ್ತಾ ಉಂಟು, ಅದಕ್ಕೆ ಅದರದ್ದೇ ಸಮಯ. ಅಲ್ಲಿಯವರೆಗೆ ನಾವು ಮುದುಕಿಯರು ಟೊಮೆಟೊ ಡಬ್ಬ ಬೀಳಿಸಬೇಕು.

ಕೆಲವರನ್ನು ಇಲ್ಲಿಂದ ಬೇರೆ ಕಡೆ ಸಾಗಿಸಿ ಆಯಿತು. ಯಾರನ್ನು ಅಂತ ಬರೆಯುವುದಿಲ್ಲ. ನಾನು ಯಾರಿಗೂ ಹೇಳುವುದಿಲ್ಲ ಅಂತ ಬೈಬಲ್ ಮುಟ್ಟಿ ಮಾತು ಕೊಟ್ಟವಳು. ನಿನಗೆ ಚಳಿ ಮಳೆ ಅಂತ ಬರೆಯುವಾಗ ನನಗೂ ಹೊಟ್ಟೆ ಉರಿದಿದೆ, ನಿನಗೊಬ್ಬಳಿಗೇ ಅಂತ ತಿಳಿಯಬೇಡ. ಆದರೆ ಶನಿವಾರದಿಂದ ನನಗೂ ಹೆದರಿಕೆ ಹೊರಲು ಆಗುವುದಿಲ್ಲ. ಗೇಟಿನ ಶಬ್ದ ಆದರೆ ಎದ್ದು ಹೋಗಿ ಚಿಲಕ ನೋಡುತ್ತೇನೆ. ಎಷ್ಟಾದರೂ ನೀನು ಕೇಳಿದ್ದು ಒಂದೇ ಮಾತು, ನಿನ್ನನ್ನು ಹೀಗೆ ಬೇಯಿಸುವುದು ಪಾಪ. ಸೋನಲ್ ಆಫೀಸಿನ ಕೆಲಸಕ್ಕೆ ಜುಲೈ ಎರಡನೆಯ ವಾರ ಸಿಡ್ನಿಗೆ ಬರುತ್ತಾಳೆ. ಎಲ್ಲಿ, ಹೇಗೆ ಅಂತ ಎಲ್ಲ ನಿನ್ನ ಕಿವಿಯಲ್ಲಿ ಹೇಳುತ್ತಾಳೆ. ಆಮೇಲಾದರೂ ನೀನು ನಿದ್ದೆ ಮಾಡು.

ನೀನು ಅವನನ್ನು ಮನೆಗೆ ಸೇರಿಸಬೇಡ.

ಆಗ್ನೆಸ್

*

ಎಪ್ಪಿಂಗ್
6 ಜುಲೈ 2025, ಭಾನುವಾರ

ಆಗ್ನೆಸ್ ಬಾಯಿ,

ಕಾಗದವನ್ನು ಸಿಂಕಿನಲ್ಲಿ ಸುಟ್ಟೆ. ಹೊಗೆಯ ಅಲಾರಂ ಕೂಗಿ ಮೂರ್ತಿ ಓಡಿ ಬಂದರು. ಹಪ್ಪಳ ಸೀದುಹೋಯಿತು ಅಂದೆ. ಇಂಥ ಸುಳ್ಳು ಈಗ ಸಲೀಸಾಗಿ ಬರುತ್ತವೆ.

ಅವನನ್ನು ಮನೆಗೆ ಸೇರಿಸಬೇಡ ಅಂದಿರಿ. ಮೂರ್ತಿಯವರದ್ದೂ ಅದೇ ಮಾತು. ಪೊಲೀಸಿನ ಹೆಣ್ಣುಮಗಳು ನಿಮ್ಮಿಷ್ಟ, ಆದರೆ ಒಬ್ಬರೇ ಇರಬೇಡಿ ಅಂದಳು. ನಾನು ಅವನನ್ನು ಸೇರಿಸುತ್ತಿದ್ದೇನೆ. ಭಾನುವಾರ ಮಾತ್ರವಲ್ಲ, ಈಗ ಶನಿವಾರವೂ ಕರೆಯುತ್ತೇನೆ. ಬೆಳಿಗ್ಗೆಯೇ ಬಾ, ಬಿಸಿ ಬಿಸಿ ಇಡ್ಲಿ ಮಾಡಿರ್ತೀನಿ, ಗ್ಯಾರೇಜಿನಲ್ಲಿ ಮೂಟೆ ಜೋಡಿಸಬೇಕು, ನಮ್ಮ ಸೊಂಟ ಕೇಳಲ್ಲ ಕಣಪ್ಪ ಅನ್ನುತ್ತೇನೆ. ಬರುತ್ತಾನೆ. ಅವನು ನನ್ನ ಗ್ಯಾರೇಜಿನಲ್ಲಿ ಮೂಟೆ ಎತ್ತುವಷ್ಟು ಹೊತ್ತು ನಿಮ್ಮ ಚರ್ಚಿನ ಹಾಲ್‌ನಲ್ಲಿ ಇರುವುದಿಲ್ಲ. ನನ್ನಿಂದಾಗುವುದು ಇಷ್ಟೇ, ಇದನ್ನಾದರೂ ಮಾಡಲು ಬಿಡಿ. ಮೂರ್ತಿ ಪೇಪರ್ ಹಿಡಿದು ಬಾಗಿಲ ಹತ್ತಿರವೇ ಕೂತಿರುತ್ತಾರೆ, ಒಂದು ಹಾಳೆಯೂ ತಿರುಗುವುದಿಲ್ಲ.

ಭಯ ಹೋಗಿಲ್ಲ ಬಾಯಿ. ಅವನ ಕಾರು ನಿಂತ ಶಬ್ದ ಕೇಳಿದರೆ ನನಗೆ ಬಚ್ಚಲಿಗೆ ಹೋಗಬೇಕಾಗುತ್ತದೆ. ಬಡಿಸುವಾಗ ಸೌಟು ತಟ್ಟೆಗೆ ತಗಲಿ ಟಣಟಣ ಅನ್ನುತ್ತದೆ. ವಯಸ್ಸಾಯಿತು, ಕೈ ನಡುಗುತ್ತದೆ ಅಂತ ನಗುತ್ತೇನೆ. ಅವನು ಎಲ್ಲವನ್ನೂ ನೋಡುತ್ತಾನೆ. ಊಟದ ಮಧ್ಯೆ ತಟ್ಟನೆ ತಲೆ ಎತ್ತಿ, ನನ್ನ ಕಣ್ಣನ್ನೇ ನೋಡುತ್ತಾ ಪ್ರತಿ ಸಲವೂ ಕೇಳುತ್ತಾನೆ, "ಏನಾದ್ರೂ ಗೊತ್ತಾಯ್ತಾ ಆಂಟಿ? ಎಲ್ಲಿದಾರೆ ಅವರು?" ಆ ಒಂದು ಉತ್ತರ ಮಾತ್ರ ನನ್ನ ಬಾಯಿಂದ ನೆಟ್ಟಗೆ ಬರುತ್ತದೆ. "ಇಲ್ಲಪ್ಪ, ನನಗೆ ಗೊತ್ತಿಲ್ಲ." ಅದು ನಿಜ ಅಂತ ಅವನಿಗೆ ಕಾಣುತ್ತದೆ. ಮತ್ತೆ ಅನ್ನ ಕಲಸಿಕೊಳ್ಳುತ್ತಾನೆ.

ನಿಮಗೇ ಗೊತ್ತು, ನಾನು ಗುಟ್ಟು ಇಟ್ಟುಕೊಳ್ಳುವ ಹೆಂಗಸಲ್ಲ. ಯಾರಿಗಾದರೂ ಮಗು ಆಗುವುದಿದ್ದರೆ ನನ್ನ ಮುಖ ನೋಡಿಯೇ ಇಡೀ ಬಿಲ್ಡಿಂಗಿಗೆ ಗೊತ್ತಾಗುತ್ತಿತ್ತು. ಬದುಕಿದ್ದಾರೆ ಅಂತ ಖಚಿತವಾಗಿ ಗೊತ್ತಾದರೆ ನನ್ನ ಮುಖ ಅರಳಿಬಿಡುತ್ತದೆ. ಅಲ್ಲ ಅಂತ ಗೊತ್ತಾದರೆ ಬಾಡುತ್ತದೆ. ಎರಡರಲ್ಲಿ ಯಾವುದಾದರೂ ಅವನಿಗೆ ಸಾಕು.

ಇಷ್ಟು ದಿನ ನಿಮ್ಮ ಕಾಲು ಹಿಡಿದು ಕೇಳಿದವಳು ನಾನು. ಈಗಲೂ ಕೇಳುವ ಆಸೆ ಗಂಟಲವರೆಗೆ ಇದೆ. ಮಗುವಿನ ಕೆಮ್ಮು ವಾಸಿಯಾಯಿತೇ, ಅವಳು ಊಟ ಮಾಡುತ್ತಿದ್ದಾಳೆಯೇ, ನನ್ನನ್ನು ಬೈದುಕೊಳ್ಳುತ್ತಿದ್ದಾಳೆಯೇ, ಏನೇನೋ. ಅವಳು ಬೈದರೂ ಕೇಳಬೇಕು ಅನ್ನಿಸುತ್ತದೆ. ಆದರೂ ಸೋನಲ್‌ಳನ್ನು ಕಳಿಸಬೇಡಿ. ಬಂದರೂ ಅವಳು ಎಪ್ಪಿಂಗಿನ ಕಡೆ ತಲೆ ಹಾಕುವುದು ಬೇಡ. ಇದೇ ಕೊನೆಯ ಕಾಗದ, ನೀವೂ ಬರೆಯಬೇಡಿ. ನೀವು ಬರೆದರೆ ನಾನು ಒಡೆಯದೆ ಸುಡಬೇಕಾಗುತ್ತದೆ, ಅಷ್ಟು ಗಟ್ಟಿತನ ನನಗಿದೆ ಅನ್ನುವ ನಂಬಿಕೆ ನನಗಿಲ್ಲ.

ಇನ್ನು ಸ್ವಲ್ಪ ಹೊತ್ತಿಗೆ ಊಟಕ್ಕೆ ಬರುತ್ತಾನೆ. ಸಾರು ಕುದಿಯುತ್ತಿದೆ. ಮತ್ತೆ ಅದನ್ನೇ ಕೇಳುತ್ತಾನೆ, ನಾನು ಮತ್ತೆ ಗೊತ್ತಿಲ್ಲ ಅನ್ನಬೇಕು. ಆ ಮಾತು ನಿಜವಾಗಿಯೇ ಇರಲಿ ಬಾಯಿ. ನನಗೆ ಹೇಳಬೇಡಿ.

ಶರ್ಮಿಳಾ